ಅಪ್ಪ ಎಲ್ಲಿ ಸಹಿ ಹಾಕಬೇಕು?

(ನಗರದ ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂಥ ವೇದಿಕೆಗಳಲ್ಲಿ ನಾವು ಅಂಗಡಿ ಬೋರ್ಡುಗಳ ಬಗ್ಗೆ, ಬ್ಯಾಂಕಿನ ಚಲನ್‌ಗಳ ಬಗ್ಗೆ ಸಾಕಷ್ಟು ಮಾತಾಡಿದ್ದೇವೆ. ಇವತ್ತು ನಾನು ಗಂಡಸರು ಬಾಯಿಬಿಟ್ಟು ಹೇಳದ ಒಂದು ಕಾಯಿಲೆಯ ಬಗ್ಗೆ ಮಾತಾಡುತ್ತೇನೆ. ಹಿಂದಿನ ಸಾಲಿನ ಗೆಳೆಯರು ನಗಬೇಡಿ. ನಮ್ಮ ಮನೆಯಲ್ಲೂ ಮೊದಲು ನಕ್ಕಿದ್ದೆವು. ಅಪ್ಪ ರಾತ್ರಿ ಐದಾರು ಸಲ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. "ವಯಸ್ಸಾಯ್ತು ಕಣಪ್ಪಾ" ಅಂದರು. ಸೊಂಟ ನೋವು ಬಂತು, ತೆಂಗಿನಕಾಯಿ ಹೊತ್ತಿದ್ದಕ್ಕೆ ಅಂದರು. ಕೊನೆಗೆ ಬೆಂಗಳೂರಿಗೆ ಕರೆತಂದು ತೋರಿಸಿದಾಗ ಗೊತ್ತಾಯಿತು: ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೆ ಇಳಿದಿದೆ.

ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ, ಹೆಚ್ಚುಕಡಿಮೆ ದೊಡ್ಡ ನೆಲ್ಲಿಕಾಯಿ ಗಾತ್ರದ ಗ್ರಂಥಿ. ಬೆಂಗಳೂರಿನ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದು ಮುಂಚೂಣಿಯಲ್ಲಿದೆ. ಅಂದರೆ ಇಲ್ಲಿ ಕೂತಿರುವ ನಮ್ಮಲ್ಲಿ ಕೆಲವರ ಅಪ್ಪಂದಿರು, ಚಿಕ್ಕಪ್ಪಂದಿರು ಈಗಲೇ ಈ ನೋವನ್ನು ಮುಚ್ಚಿಟ್ಟುಕೊಂಡಿರಬಹುದು.

ಈ ರೋಗಕ್ಕೆ ಮದ್ದಿಲ್ಲವೇ? ಇದೆ. 1941ರಲ್ಲೇ ಅಮೆರಿಕದ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು ಗಂಡು ಹಾರ್ಮೋನನ್ನು ನಿಲ್ಲಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿಗೂ ಹರಡಿದ ಕಾಯಿಲೆಗೆ ಹಾರ್ಮೋನ್ ಇಂಜೆಕ್ಷನ್ನೇ ಅಡಿಪಾಯ. ಆದರೆ ಸಾಮಾನ್ಯವಾಗಿ ಒಂದು ದಿನ ಗಡ್ಡೆ ಆ ಇಂಜೆಕ್ಷನ್ನಿಗೂ ಬಗ್ಗದೆ ಬೆಳೆಯತೊಡಗುತ್ತದೆ. ಆಗ ಕೀಮೋ. ಅದೂ ಸೋತರೆ? ಪ್ರಯೋಗ ನಡೆಯುವುದು ಆ ಘಟ್ಟದಲ್ಲಿ.

ಪ್ರಯೋಗದ ಹಿಂದಿನ ಆಲೋಚನೆ ಸರಳ. ನಮ್ಮ ರಕ್ತದಲ್ಲಿ ಟಿ ಕಣಗಳೆಂಬ ಕಾವಲುಗಾರರಿದ್ದಾರೆ. ಅವರು ನಮ್ಮ ಮೈಯನ್ನೇ ಹೊಡೆಯದಿರಲಿ ಎಂದು ದೇಹ ಅವರಿಗೆ ಬ್ರೇಕ್ ಇಟ್ಟಿದೆ. ಕ್ಯಾನ್ಸರ್ ಆ ಬ್ರೇಕಿನ ಲಾಭ ಪಡೆಯುತ್ತದೆ. ಬ್ರೇಕ್ ಸಡಿಲಿಸಿದರೆ ಕಾವಲುಗಾರರೇ ಗಡ್ಡೆಯನ್ನು ಹೊಡೆಯುತ್ತಾರೆ ಎಂದು ತೋರಿಸಿದವರು ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ. 2018ರ ನೊಬೆಲ್ ಇಬ್ಬರಿಗೂ ಸಂದಿತು. ಇದೇ ಇಮ್ಯುನೋಥೆರಪಿ.

ಚರ್ಮದ ಮೆಲನೋಮಾ ಕ್ಯಾನ್ಸರಿನಲ್ಲಿ ಇದು ಗೆದ್ದಿತು. ಪ್ರಾಸ್ಟೇಟಿನಲ್ಲಿ ಬಹುಪಾಲು ಸೋತಿತು. ಯಾಕೆ? ಈ ಗಡ್ಡೆಯೊಳಗೆ ಕಾವಲುಗಾರರು ಹೆಚ್ಚಾಗಿ ಬರುವುದೇ ಇಲ್ಲ. ವೈದ್ಯರು ಇದನ್ನು ತಣ್ಣನೆಯ ಗಡ್ಡೆ ಅನ್ನುತ್ತಾರೆ. ಕಾವಲುಗಾರನೇ ಇಲ್ಲದ ಬೀದಿಯಲ್ಲಿ ಬ್ರೇಕ್ ಬಿಟ್ಟರೇನು, ಹಿಡಿದರೇನು?

ಇಲ್ಲಿಗೆ ವಿಕಿರಣ ಬರುತ್ತದೆ. ನಮ್ಮ ಜನ ಇದನ್ನೇ "ಕರೆಂಟ್ ಕೊಡೋದು" ಅನ್ನುತ್ತಾರೆ. ವಿಕಿರಣ ಬಿದ್ದಾಗ ಕ್ಯಾನ್ಸರ್ ಕಣಗಳು ಒಡೆದು ಅವುಗಳ ಒಳಗಿನ ಸರಕು ಹೊರಗೆ ಚೆಲ್ಲುತ್ತದೆ. ಕಳ್ಳನ ಮನೆಯ ಗೋಡೆ ಕುಸಿದು ಕದ್ದ ಮಾಲು ಬೀದಿಗೆ ಬಿದ್ದ ಹಾಗೆ! ಆಗ ಕಾವಲುಗಾರರು ಬರುತ್ತಾರೆ, ಗುರುತು ಹಿಡಿಯುತ್ತಾರೆ. ಒಂದು ಕಡೆ ವಿಕಿರಣ ಕೊಟ್ಟರೆ ದೂರದ ಗಡ್ಡೆಯೂ ಕರಗುವುದು ಅಪರೂಪಕ್ಕೆ ಕಂಡುಬಂದಿದೆ. 1953ರಲ್ಲೇ ಆರ್. ಎಚ್. ಮೋಲ್ ಎಂಬುವರು ಇದಕ್ಕೆ ಆಬ್‌ಸ್ಕೋಪಲ್ ಪರಿಣಾಮ ಎಂದು ಹೆಸರಿಟ್ಟರು. ಹಾಗಾದರೆ ಮೊದಲು ವಿಕಿರಣ, ಆಮೇಲೆ ಬ್ರೇಕ್ ಸಡಿಲಿಸುವ ಮದ್ದು, ಎರಡನ್ನೂ ಸೇರಿಸಿದರೆ?

ಸೇರಿಸಿ ನೋಡಿದರು. ಹಾರ್ಮೋನಿಗೂ ಬಗ್ಗದ, ಡೋಸಿಟಾಕ್ಸೆಲ್ ಎಂಬ ಕೀಮೋ ಆದ ಮೇಲೂ ಬೆಳೆದ, ಮೂಳೆಗೆ ಹರಡಿದ ಕಾಯಿಲೆಯ 799 ಗಂಡಸರು. ಎಲ್ಲರ ಮೂಳೆಗೂ ವಿಕಿರಣ, ಒಂದು ಜಾಗಕ್ಕೆ ಒಂದೇ ಸಲ, 8 ಗ್ರೇ. ಆಮೇಲೆ 399 ಜನಕ್ಕೆ ಇಪಿಲಿಮುಮಾಬ್ ಎಂಬ ಮದ್ದು, 400 ಜನಕ್ಕೆ ಮದ್ದಿಲ್ಲದ ಹುಸಿ ಇಂಜೆಕ್ಷನ್. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 2014ರಲ್ಲಿ ಫಲಿತಾಂಶ ಹೊರಬಂತು. ಮದ್ದು ಪಡೆದವರ ಮಧ್ಯಮ ಬದುಕು 11.2 ತಿಂಗಳು, ಪಡೆಯದವರದು 10 ತಿಂಗಳು. ಇದು ಬರೀ ಅದೃಷ್ಟದ ಆಟವಲ್ಲ ಎಂದು ಹೇಳಲು ಲೆಕ್ಕದ ಗೆರೆ 0.05. ಇಲ್ಲಿ ಬಂದದ್ದು 0.053. ಕೂದಲೆಳೆಯಲ್ಲಿ ಸೋತಿತು!

ಅಷ್ಟೇ ಅಲ್ಲ. ಮೊದಲ ಐದು ತಿಂಗಳಲ್ಲಿ ಮದ್ದು ಪಡೆದವರ ಕಡೆಯೇ ಹೆಚ್ಚು ಸಾವುಗಳಾದವು. 100ಕ್ಕೆ 16 ಜನಕ್ಕೆ ತೀವ್ರ ಭೇದಿ ಬಂತು. ಕೆಲವರು ಮದ್ದಿನಿಂದಲೇ ಸತ್ತರು. ಬ್ರೇಕ್ ಬಿಟ್ಟ ಕಾವಲುಗಾರ ಕಳ್ಳನನ್ನೂ ಹೊಡೆಯುತ್ತಾನೆ, ಮನೆಯವರನ್ನೂ ಹೊಡೆಯುತ್ತಾನೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಅದೇ ಜನರನ್ನು ಬಹುಕಾಲ ಹಿಂಬಾಲಿಸಿ 2020ರಲ್ಲಿ ಮತ್ತೆ ಲೆಕ್ಕ ಕೊಟ್ಟರು. ಐದು ವರ್ಷದ ನಂತರ ಬದುಕಿದ್ದವರು ಮದ್ದು ಪಡೆದ ಗುಂಪಿನಲ್ಲಿ 100ಕ್ಕೆ 7.9, ಪಡೆಯದ ಗುಂಪಿನಲ್ಲಿ 2.7. ಅಂದರೆ ಬಹಳ ಜನಕ್ಕೆ ಉಪಯೋಗವಿಲ್ಲ, ಕೆಲವರಿಗೆ ಕೇಡು, ಬೆರಳೆಣಿಕೆಯ ಕೆಲವರಿಗೆ ವರ್ಷಗಟ್ಟಲೆ ಬದುಕು. ಆ ಕೆಲವರು ಯಾರು ಎಂದು ಮೊದಲೇ ಹೇಳುವುದು ಹೇಗೆ? ವಿಜ್ಞಾನದ ಮುಂದಿರುವ ಪ್ರಶ್ನೆ ಇದು.

ಈಗ ಹೊಸ ದಾರಿಯೂ ತೆರೆದಿದೆ. ಹೊರಗಿನಿಂದ ಕಿರಣ ಬಿಡುವ ಬದಲು, ವಿಕಿರಣ ಸೂಸುವ ಮದ್ದನ್ನೇ ರಕ್ತಕ್ಕೆ ಕೊಡುವುದು. ಲುಟೇಷಿಯಂ-177 ಹೊತ್ತ ಮದ್ದು ಪ್ರಾಸ್ಟೇಟ್ ಕ್ಯಾನ್ಸರ್ ಕಣವನ್ನು ಹುಡುಕಿಕೊಂಡು ಹೋಗಿ ಅಂಟುತ್ತದೆ. 831 ಜನರ ಮೇಲಿನ ಪ್ರಯೋಗದಲ್ಲಿ ಮಧ್ಯಮ ಬದುಕು 11.3 ತಿಂಗಳಿಂದ 15.3ಕ್ಕೆ ಏರಿತು ಎಂದು 2021ರಲ್ಲಿ ವರದಿಯಾಯಿತು. 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಲುಟೇಷಿಯಂ-177 ನಮ್ಮ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲೂ ತಯಾರಾಗುತ್ತದೆ ಎಂಬುದು ಹೆಮ್ಮೆಯ ಮಾತು. ಇದರ ಜೊತೆಗೆ ಪೆಂಬ್ರೊಲಿಜುಮಾಬ್‌ನಂಥ ಇಮ್ಯುನೋಥೆರಪಿ ಮದ್ದುಗಳನ್ನು ಸೇರಿಸಿ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಸಣ್ಣ ಪ್ರಯೋಗಗಳಾಗಿವೆ. ಭರವಸೆ ಕಂಡಿದೆ. ಆದರೆ ಸಣ್ಣ ಪ್ರಯೋಗದ ಭರವಸೆ ದೊಡ್ಡ ಪ್ರಯೋಗದಲ್ಲಿ ಮುರಿದುಬಿದ್ದ ಉದಾಹರಣೆಗಳು ಬೇಕಾದಷ್ಟಿವೆ. ಈ ಜೋಡಿ ಇನ್ನೂ ಪರೀಕ್ಷೆಯಲ್ಲಿರುವ ಚಿಕಿತ್ಸೆ. "ಗ್ಯಾರಂಟಿ ಗುಣ" ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಈಗ ನನ್ನ ಅಪ್ಪನ ವಿಷಯಕ್ಕೆ ಬರುತ್ತೇನೆ. ಅವರ ಮುಂದೆಯೂ ಇಂಥದೇ ಒಂದು ಪ್ರಯೋಗದ ಕಾಗದ ಬಂತು. ಹದಿನೈದು ಪುಟ, ಪೂರ್ತಿ ಇಂಗ್ಲಿಷ್. "ನಿಮ್ಮ ಮಗ ಓದಿದವನಲ್ವಾ, ಅವನೇ ಹೇಳ್ತಾನೆ" ಅಂದರು. ಅಪ್ಪ ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು: "ಮಗಾ, ನಂಗೆ ನಿಜವಾದ ಔಷಧಿ ಕೊಡ್ತಾರೋ, ಬರೀ ನೀರು ಕೊಡ್ತಾರೋ?"

ಗೆಳೆಯರೇ, ನನಗೆ ಉತ್ತರ ಗೊತ್ತಿತ್ತು. ಇಂಗ್ಲಿಷಿನಲ್ಲಿ ಗೊತ್ತಿತ್ತು. ಅಪ್ಪನ ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ! ಇಷ್ಟು ವರ್ಷ ಕನ್ನಡ ಕನ್ನಡ ಎಂದು ಕೂಗಿದ ನಾನು ತಲೆ ತಗ್ಗಿಸಿ ನಿಂತೆ. ಕೊನೆಗೆ ಪಕ್ಕದಲ್ಲಿ ಕೂತು ಹೇಳಿದವರು ಕೇರಳದಿಂದ ಬಂದು ಕನ್ನಡ ಕಲಿತಿದ್ದ ಒಬ್ಬ ಸಿಸ್ಟರ್. "ಯಜಮಾನ್ರೇ, ಚೀಟಿ ಎತ್ತಿದ ಹಾಗೆ. ಅರ್ಧ ಜನಕ್ಕೆ ಹೊಸ ಔಷಧಿ, ಅರ್ಧ ಜನಕ್ಕೆ ಇಲ್ಲ. ಈಗಿರೋ ಔಷಧಿ ಎಲ್ಲರಿಗೂ ಇದೆ. ಬೇಡ ಅನ್ನಿಸಿದ್ರೆ ಯಾವತ್ತಾದ್ರೂ ಬಿಡಬಹುದು, ಯಾರೂ ಬೈಯಲ್ಲ." ಅಪ್ಪ ಎರಡು ದಿನ ಯೋಚಿಸಿ ಬೇಡ ಎಂದರು. ಮುಂದಿನ ವರ್ಷ ತೀರಿಕೊಂಡರು. ಒಪ್ಪಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಆ ಲೆಕ್ಕ ನಾನು ಹಾಕುವುದಿಲ್ಲ. ತಿಳಿದು ಬೇಡ ಎಂದರಲ್ಲ, ಅದೇ ನನಗೆ ಸಮಾಧಾನ.

ಇದು ಯಾರ ದಯೆಯೂ ಅಲ್ಲ, ಕಾನೂನು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗುವ ನುಡಿಯಲ್ಲಿ ಮಾಹಿತಿ ಕೊಟ್ಟೇ ಒಪ್ಪಿಗೆ ಪಡೆಯಬೇಕು. ಓದು ಬಾರದವರಾದರೆ ಪಕ್ಷಪಾತವಿಲ್ಲದ ಸಾಕ್ಷಿ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ. ಯಾವಾಗ ಬೇಕಾದರೂ ಹೊರಬರುವ ಹಕ್ಕು. 2009ರಿಂದ ಇಂಥ ಪ್ರಯೋಗಗಳು ಭಾರತದ ನೋಂದಣಿ ಪಟ್ಟಿಯಲ್ಲಿ ದಾಖಲಾಗುವುದೂ ಕಡ್ಡಾಯ. ಆ ಸಂಖ್ಯೆ ಕೇಳಿ. ಹುಸಿ ಮದ್ದು ಇದೆಯೇ ಕೇಳಿ. ತೊಂದರೆಯಾದರೆ ನಡುರಾತ್ರಿ ಯಾರಿಗೆ ಫೋನ್ ಮಾಡಬೇಕು ಕೇಳಿ. ಕನ್ನಡದ ಕಾಗದ ಕೇಳಿ. ಕೊಡುವ ತನಕ ಪೆನ್ನು ಮುಟ್ಟಬೇಡಿ.

ಪ್ರಯೋಗವನ್ನು ವಿರೋಧಿಸಿ ಎಂದು ನಾನು ಹೇಳುತ್ತಿಲ್ಲ. ಆ 799 ಜನ ಒಪ್ಪದಿದ್ದರೆ ಇವತ್ತು ನನಗೆ ಹೇಳಲು ಏನೂ ಇರುತ್ತಿರಲಿಲ್ಲ. ನಮ್ಮವರೂ ಒಪ್ಪಲಿ, ಆದರೆ ಅರ್ಥ ಮಾಡಿಕೊಂಡು ಒಪ್ಪಲಿ.

ಕೊನೆಯ ಮಾತು. ಇವತ್ತು ರಾತ್ರಿ ಊರಿಗೆ ಫೋನ್ ಮಾಡಿ. "ಅಪ್ಪಾ, ರಾತ್ರಿ ಎಷ್ಟು ಸಲ ಏಳ್ತೀಯಾ? ಸೊಂಟ ನೋವಿದೆಯಾ?" ಎಂದು ಕೇಳಿ. ನಾಚಿಕೆ ಬಿಟ್ಟು, ಕನ್ನಡದಲ್ಲೇ ಕೇಳಿ.