ಮುಳುಗಿದ ಹಡಗಿನ ಸಿರಿ

ದಾಸನಕೊಪ್ಪದಂಥ ಊರನ್ನು ನೆನೆದು ಕಡಲಿನ ಮಾತನ್ನೆತ್ತಿದರೆ ಕೇಳುವವರಿಗೆ ತುಸು ಸೋಜಿಗವಾಗಬಹುದು. ಶಿರಸಿ ಸೀಮೆಯ ಈ ಊರಿಗೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯೇ ಅಡ್ಡಲಾಗಿ ನಿಂತಿದೆ. ಬನವಾಸಿಯನ್ನು ಬಳಸಿ ಹರಿಯುವ ವರದೆಯೂ ಪಡುಗಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹೋಗುತ್ತಾಳೆ. ಆದರೆ ನೀರು ಹೋದ ದಾರಿಯಲ್ಲಿಯೇ ಸರಕೂ ಹೋಗಬೇಕೆಂಬ ನಿಯಮವಿಲ್ಲವಷ್ಟೆ. ಘಟ್ಟದ ಮೇಲಣ ಮೆಣಸು ಎತ್ತುಗಳ ಬೆನ್ನೇರಿ ಘಟ್ಟವಿಳಿದು, ಕರಾವಳಿಯ ಬಂದರುಗಳಲ್ಲಿ ಹಡಗು ಹತ್ತುತ್ತಿತ್ತು. ಹಡಗು ಹತ್ತಿದ್ದೆಲ್ಲ ದಡ ಸೇರಲಿಲ್ಲ. ಹಾಗೆ ಸೇರದೆ ಹೋದುದರ ಕಥೆಯನ್ನು ಹೇಳುವ ವಸ್ತುಸಂಗ್ರಹಾಲಯಗಳು ಈಗ ಹಲವು ದೇಶಗಳಲ್ಲಿವೆ. ಅಲ್ಲಿಗೆ ಹೋದವನು ಏನನ್ನು ನೋಡಬೇಕು ಎಂಬುದೇ ಈ ಹೊತ್ತಿನ ವಿಚಾರ.

ಮುಳುಗಿದ ಹಡಗಿನ ನಿಧಿ ಎಂದೊಡನೆ ನಮ್ಮ ಮನಸ್ಸು ಹೊನ್ನಿನ ಪೆಟ್ಟಿಗೆಯ ಕಡೆಗೆ ಓಡುತ್ತದೆ. ಅದು ಸಹಜವೇ. ಆದರೆ ಇಂಥ ಸಂಗ್ರಹಾಲಯಗಳಲ್ಲಿ ಅತ್ಯಂತ ಹೆಸರಾದ ಸ್ಟಾಕ್‌ಹೋಮಿನ ವಾಸಾ ಸಂಗ್ರಹಾಲಯದಲ್ಲಿ ಹಡಗೇ ನಿಧಿ. 64 ತೋಪುಗಳನ್ನು ಹೊತ್ತ ಸ್ವೀಡನ್ನಿನ ಈ ರಾಜನೌಕೆ 1628ರ ಆಗಸ್ಟ್ 10ರಂದು ತನ್ನ ಮೊದಲ ಯಾನದಲ್ಲಿಯೇ, ಬಂದರನ್ನು ದಾಟುವ ಮುನ್ನವೇ ಮಗುಚಿಕೊಂಡಿತು. 1961ರ ಏಪ್ರಿಲ್ 24ರಂದು ಅದನ್ನು ಮೇಲೆತ್ತಿದರು. ಮರ ಒಣಗಿ ಸೀಳದಂತೆ ವರ್ಷಗಟ್ಟಲೆ ಅದರ ಮೇಲೆ ರಾಸಾಯನಿಕ ದ್ರವವನ್ನು ಸಿಂಪಡಿಸಿ, 1990ರಲ್ಲಿ ಅದಕ್ಕೊಂದು ಮನೆಯನ್ನೇ ಕಟ್ಟಿದರು. ಮುನ್ನೂರು ವರ್ಷಕ್ಕೂ ಮೀರಿ ನೀರಿನಲ್ಲಿದ್ದ ಮರ ಉಳಿದುದು ಹೇಗೆ? ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ. ಆದುದರಿಂದ ಮರವನ್ನು ಕೊರೆದು ತಿನ್ನುವ ಹಡಗುಹುಳು ಅಲ್ಲಿ ಬಾಳಲಾರದು.

ನಮ್ಮ ಕಡಲಿನಲ್ಲಿ ಆ ಹುಳುವಿಗೆ ಔತಣ. ಇಲ್ಲಿ ಮುಳುಗಿದ ಹಡಗಿನ ಮರ ಬಹುಮಟ್ಟಿಗೆ ಅಳಿದುಹೋಗಿ, ಹುಳು ತಿನ್ನಲಾರದ ವಸ್ತುಗಳಷ್ಟೇ ಉಳಿಯುತ್ತವೆ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಸುಂಚಿ ಎಂಬ ನೀರೊಳಗಿನ ಬಂಡೆಸಾಲಿನಲ್ಲಿ ಹುಡುಕಿದಾಗ ದೊರೆತವು ಆನೆಯ ದಂತ, ನೀರುಕುದುರೆಯ ಹಲ್ಲು, ಕಬ್ಬಿಣದ ತೋಪು, ಚೀನೀ ಪಿಂಗಾಣಿಯ ಚೂರುಗಳು. ಹದಿನೇಳನೆಯ ಶತಮಾನದ ವ್ಯಾಪಾರವೆಲ್ಲ ಆ ಚೂರುಗಳಲ್ಲಿದೆ.

ಅಲ್ಲಿಯೇ ಸೇಂಟ್ ಜಾರ್ಜ್ ಬಂಡೆಸಾಲಿನಲ್ಲಿ ಸಿಕ್ಕಿದುದು ಇನ್ನೂ ನಮ್ಮದು: ಸುಟ್ಟ ಮಣ್ಣಿನ ಹೆಂಚು, ಕಂಬದ ಬೋದಿಗೆ, ಇಟ್ಟಿಗೆ. ಅವುಗಳ ಮೇಲಿನ ಅಚ್ಚು ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯದು, ಇಸವಿ 1865. ಇದನ್ನು ಕಂಡು ಹಡಗು ಮುಳುಗಿದ ವರ್ಷವೇ 1865 ಎಂದು ತೀರ್ಮಾನಿಸಿದರೆ ಅವಸರವಾಯಿತು. ಅದು ಮಂಗಳೂರಿನಲ್ಲಿ ಆ ಕಾರ್ಖಾನೆ ಸ್ಥಾಪನೆಯಾದ ವರ್ಷ. ಆಮೇಲೆಯೂ ಮುದ್ರೆಯಾಗಿ ಬಳಕೆಯಲ್ಲಿತ್ತು. ಹಡಗು ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೆಂಚು ಸಾಕ್ಷಿ ಹೇಳುತ್ತದೆ. ಮಲೆನಾಡಿನ ಮನೆಗಳ ಮಾಡಿನ ಮೇಲೆ ದಿನವೂ ಕಾಣುವ ಮಂಗಳೂರು ಹೆಂಚು ಕಡಲ ತಳದಲ್ಲಿ ಚರಿತ್ರೆಯ ದಾಖಲೆಯಾಗುತ್ತದೆ. ಮಾರಹೊರಟರೆ ಅದಕ್ಕೆ ಬೆಲೆಯಿಲ್ಲ. ಓದಹೊರಟರೆ ಅದೊಂದು ಪತ್ರ.

ಮಾರುವುದಕ್ಕೂ ಓದುವುದಕ್ಕೂ ಇರುವ ಈ ಅಂತರವೇ ಮುಖ್ಯವಾದುದು. 1752ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿದ ಗೆಲ್ಡರ್‌ಮಾಲ್ಸೆನ್ ಎಂಬ ಡಚ್ಚರ ಹಡಗಿನಿಂದ ಸುಮಾರು 1,50,000 ಪಿಂಗಾಣಿ ವಸ್ತುಗಳನ್ನೂ ನೂರಕ್ಕೂ ಮಿಕ್ಕಿ ಚಿನ್ನದ ಗಟ್ಟಿಗಳನ್ನೂ ಎತ್ತಿ, 1986ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದರು. ಆ ಹಡಗಿನ ಮುಖ್ಯ ಸರಕು ಚಹ. ಎತ್ತಿದವರಿಗೆ ಬೇಕಾದುದು ಪಿಂಗಾಣಿ ಮತ್ತು ಚಿನ್ನ. ಬಟ್ಟಲುಗಳು ಸಾವಿರಾರು ಮನೆಗಳಿಗೆ ಚದರಿದುವು. ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬ ವಿವರ ಬಹುಮಟ್ಟಿಗೆ ನಷ್ಟವಾಯಿತು. ಪುಸ್ತಕದ ಹಾಳೆಗಳನ್ನು ಹರಿದು ಒಂದೊಂದಾಗಿ ಮಾರಿದಂತಾಯಿತು. 2001ರಲ್ಲಿ ಯುನೆಸ್ಕೋ ಅಂಗೀಕರಿಸಿದ ಒಡಂಬಡಿಕೆಯು ನೀರಡಿಯ ಪರಂಪರೆಯನ್ನು ಲಾಭಕ್ಕಾಗಿ ಮಾರಬಾರದೆಂದು ಹೇಳುವುದು ಇಂಥ ಅನುಭವಗಳ ಹಿನ್ನೆಲೆಯಲ್ಲಿಯೇ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಹಡಗಿದೆ. 1606ರ ಸೆಪ್ಟೆಂಬರಿನಲ್ಲಿ ಭಾರತದಿಂದ ಮರಳುತ್ತಿದ್ದ 'ನೋಸ್ಸ ಸೆನ್ಯೋರ ದೋಸ್ ಮಾರ್ತಿರೆಸ್' ಎಂಬ ಪೋರ್ಚುಗೀಸ್ ನೌಕೆ, ಲಿಸ್ಬನ್ ನಗರದ ಬಾಗಿಲಿನಲ್ಲಿ, ಟೇಗಸ್ ನದಿಯ ಮುಖದಲ್ಲಿ ಒಡೆಯಿತು. ಮೆಣಸು ಅಲೆಗಳ ಮೇಲೆ ಕಪ್ಪಗೆ ಹರಡಿತು. ಕಾವಲಿನವರು ಬೆದರಿಸುತ್ತಿದ್ದರೂ ಜನ ಅದನ್ನು ಬಾಚಿಕೊಂಡರು. 1990ರ ದಶಕದಲ್ಲಿ ಪುರಾತತ್ತ್ವಜ್ಞರು ಅಲ್ಲಿ ಅಗೆದಾಗ ಹಡಗಿನ ಅಡಿಹಲಗೆಗಳೂ, ಸೂರ್ಯನ ಎತ್ತರವನ್ನಳೆಯುವ ಯಂತ್ರಗಳೂ, ಪಿಂಗಾಣಿಯೂ, ಇವುಗಳ ನಡುವೆ ದಪ್ಪನೆಯ ಪದರವಾಗಿ ಮೆಣಸಿನ ಕಾಳುಗಳೂ ದೊರೆತುವು. ವಿದ್ವಾಂಸರ ಬಾಯಲ್ಲಿ ಅದಕ್ಕೆ 'ಮೆಣಸಿನ ಹಡಗು' ಎಂದೇ ಹೆಸರಾಗಿದೆ. 1998ರ ಲಿಸ್ಬನ್ ಜಾಗತಿಕ ಪ್ರದರ್ಶನದಲ್ಲಿ ಅದರ ಅವಶೇಷಗಳನ್ನು ಜನರ ಮುಂದಿಟ್ಟರು.

ಆ ಕಾಳುಗಳು ನಮ್ಮ ಸೀಮೆಯವೇ ಎಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಇಕ್ಕೇರಿಗೆ ಬಂದಾಗ ಆ ಹೆಸರನ್ನು ಬರೆದಿಟ್ಟಿದ್ದಾನೆ. ಅಡಕೆಯ ಮರಕ್ಕೆ ಬಳ್ಳಿಯನ್ನು ಹಬ್ಬಿಸಿ, ಏಣಿಯ ಮೇಲೆ ನಿಂತು ಕೊಯ್ದು, ಅಂಗಳದಲ್ಲಿ ಒಣಗಿಸಿದವನ ಹೆಸರನ್ನು ಯಾವ ಯಾತ್ರಿಕನೂ ಬರೆಯಲಿಲ್ಲ. ನಾವಿಕನ ಯಂತ್ರ ಉಳಿದಿದೆ, ವರ್ತಕನ ಲೆಕ್ಕ ಉಳಿದಿದೆ. ಬೆಳೆದವನ ಪಾಲಿಗೆ ಉಳಿದುದು ಕಾಳು ಮಾತ್ರ.

ಆದುದರಿಂದ ಇಂಥ ಸಂಗ್ರಹಾಲಯಕ್ಕೆ ಹೋದಾಗ ಚಿನ್ನದ ಗಾಜಿನ ಪೆಟ್ಟಿಗೆಯ ಮುಂದೆ ನೆರೆದ ಗುಂಪನ್ನು ದಾಟಿ ಸ್ವಲ್ಪ ಮುಂದೆ ಹೋಗಿರಿ. ಮೂಲೆಯಲ್ಲಿ ಒಂದು ಒಡೆದ ಹೆಂಚು, ಒಂದು ಹಿಡಿ ಕಪ್ಪು ಕಾಳು ಇರಬಹುದು. ಚಿನ್ನ ಯಾರದೆಂದು ಕೇಳಲು ರಾಜ್ಯಗಳಿವೆ, ನ್ಯಾಯಸ್ಥಾನಗಳಿವೆ. ಆ ಕಾಳು ಯಾರದೆಂದು ಕೇಳಬೇಕಾದವರು ನೋಡಹೋದ ನಾವೇ.