ಜಾತ್ರೆಯ ತೊಟ್ಟಿಲು



ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿ ತಿಂಗಳಲ್ಲಿ ನಡೆಯುತ್ತದೆ. ಆ ದಿನಗಳು ಸಮೀಪಿಸಿದಂತೆಲ್ಲ ಮಠಕ್ಕೆ ಬರುವ ಹಿರಿಯರು, ಹುಮನಾಬಾದಿನವರಿರಲಿ ಬಸವಕಲ್ಯಾಣದವರಿರಲಿ, ಒಂದೇ ಮಾತನ್ನು ಆಡುತ್ತಾರೆ: "ಅಪ್ಪಾವರೇ, ನಾವು ಸಣ್ಣವರಿದ್ದಾಗಿನ ಜಾತ್ರಿ ಈಗ ಇಲ್ರಿ." ಏನಿಲ್ಲವೆಂದು ಕೇಳಿದರೆ, ನಾಲ್ಕು ಪೆಟ್ಟಿಗೆಯ ಕಟ್ಟಿಗೆಯ ತೊಟ್ಟಿಲಿಲ್ಲ, ಸುತ್ತ ತಿರುಗುವ ಮರದ ಕುದುರೆಗಳಿಲ್ಲ, ಗಾಜಿನ ಕಿಂಡಿಗೆ ಕಣ್ಣಿಟ್ಟು ನೋಡುವ ಬಯಸ್ಕೋಪಿನ ಪೆಟ್ಟಿಗೆಯಿಲ್ಲ ಎನ್ನುತ್ತಾರೆ. ಆ ತೊಟ್ಟಿಲನ್ನು ನಾವೂ ಬಾಲ್ಯದಲ್ಲಿ ಕಂಡವರೇ.

ಈ ವ್ಯಥೆಯನ್ನು ಹಗುರವಾಗಿ ಕಾಣಬಾರದು; ಆದರೆ ವಿಚಾರಿಸಿ ನೋಡಬೇಕು. 1893ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಫೆರಿಸ್ ಎಂಬ ಇಂಜಿನಿಯರನು 264 ಅಡಿ ಎತ್ತರದ, 36 ಕೋಣೆಗಳುಳ್ಳ ಉಕ್ಕಿನ ತೊಟ್ಟಿಲನ್ನು ಕಟ್ಟಿಸಿದನು. ಲೋಕವೆಲ್ಲ ಬೆರಗಾಯಿತು. 1906ರಲ್ಲಿ ಅದನ್ನು ಸಿಡಿಮದ್ದಿಟ್ಟು ಕೆಡವಿದರು. ಉಕ್ಕಿನ ಆಯುಷ್ಯವೇ ಹದಿಮೂರು ವರ್ಷವಾದರೆ ಕಟ್ಟಿಗೆಯದು ಎಷ್ಟು? ಸ್ಥಾವರವನ್ನು ನೆಚ್ಚಬೇಡಿರೆಂಬ ತಿಳಿವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಈ ಕಲ್ಯಾಣದ ನೆಲದಲ್ಲಿ ಕೊಟ್ಟಿದ್ದಾರೆ.

ಸಂಸ್ಕಾರ ಮಾತ್ರದಿಂದ ಹುಟ್ಟುವ ಜ್ಞಾನವೇ ಸ್ಮೃತಿಯೆಂದು ತರ್ಕಶಾಸ್ತ್ರ ಹೇಳುತ್ತದೆ. ವಸ್ತು ಕಣ್ಣೆದುರಿಗೆ ಇರಬೇಕೆಂಬ ನಿಯಮವಿಲ್ಲ. ತೊಟ್ಟಿಲು ಹೋಗಿದೆ, ಸಂಸ್ಕಾರ ಉಳಿದಿದೆ. ಯಾವ ಸಂಸ್ಕಾರ? ಪೆಟ್ಟಿಗೆ ಮೇಲಕ್ಕೇರಿ ಎದೆ ಝಲ್ಲೆಂದಾಗ ಪಕ್ಕದಲ್ಲಿ ಕುಳಿತ ಅಪ್ಪನೋ ಅಕ್ಕನೋ ಕೈ ಹಿಡಿದುಕೊಂಡಿದ್ದರಲ್ಲ, ಆ ಅಭಯದ ಸಂಸ್ಕಾರ.

ಆ ತೊಟ್ಟಿಲು ತಾನಾಗಿ ತಿರುಗುತ್ತಿರಲಿಲ್ಲ. ಕೆಳಗೆ ನಿಂತವನು ಒಂದೊಂದು ಪೆಟ್ಟಿಗೆಯನ್ನು ಕೈಯಿಂದ ನೂಕಿ ಮೇಲಕ್ಕೆ ಕಳಿಸುತ್ತಿದ್ದನು. ಅವನು ನೆಲದ ಮೇಲೆ ನಿಂತುದರಿಂದ ಮಕ್ಕಳು ಆಕಾಶವನ್ನು ಕಂಡರು. ಅದೂ ಕಾಯಕವೇ. ಮೋಟಾರು ಬಂದಿತು, ಆ ಕೈಗಳಿಗೆ ಕೆಲಸ ತಪ್ಪಿತು. ತೊಟ್ಟಿಲನ್ನು ನೆನೆಯುವವರು ಅವನನ್ನೂ ನೆನೆಯಬೇಕು. ಇಂದಿಗೂ ಯಂತ್ರಗಳನ್ನು ಹೇರಿಕೊಂಡು ಊರೂರು ತಿರುಗುವ ಸಂಸಾರಗಳು ಜನವರಿಯ ಚಳಿಯಲ್ಲಿ ಡೇರೆಯೊಳಗೆ ಮಲಗುತ್ತವೆ. ದಾಸೋಹದ ಪಂಕ್ತಿಗೆ ಅವರನ್ನು ಹೋಗಿ ಕರೆಯಿರಿ. ಕರೆಯದೆ ಅವರು ಬರಲಾರರು.

ಹಿರಿಯರಿಗೆ ಇನ್ನೊಂದು ಮಾತು. ಮೊಮ್ಮಕ್ಕಳಿಗೆ "ನಿಮ್ಮದೇನು ಜಾತ್ರಿ?" ಎನ್ನಬೇಡಿರಿ. ಆ ಮಾತಿನಿಂದ ಮಗುವಿನ ಸಂತೋಷ ಕುಂದುತ್ತದೆಯೇ ಹೊರತು ನಿಮ್ಮ ಬಾಲ್ಯ ಮರಳುವುದಿಲ್ಲ. ಇಂದಿನ ಕಬ್ಬಿಣದ ತೊಟ್ಟಿಲು ಭದ್ರವಾಗಿದೆಯೇ, ಬೋಲ್ಟು ಬಿಗಿಯಾಗಿದೆಯೇ ಎಂದು ಮೊದಲು ವಿಚಾರಿಸಿರಿ. ಬಳಿಕ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಕೈಯಲ್ಲಿ ಮೊಬೈಲು ಕೊಟ್ಟು ಮನೆಯಲ್ಲಿ ಕೂಡಿಸಿದ ಮಗುವಿಗೆ ಐವತ್ತು ವರ್ಷಗಳ ಮೇಲೆ ಯಾರ ನೆನಪು ಬರಬೇಕು? ಆ ಹೊತ್ತಿಗೆ ಈ ಯಂತ್ರವೂ ಇರದು, ನಾವು ನೀವೂ ಇರಲಾರೆವು. ಹಿಡಿದ ಕೈಯ ನೆನಪು ಇರುತ್ತದೆ.

ಬರುವ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಬನ್ನಿರಿ. ಎಲ್ಲರಿಗೂ ಬಸವಾದಿ ಪ್ರಮಥರ ಕೃಪೆಯಿರಲಿ.