ತೆರೆಯ ಮೇಲಿನ ನೆರೆಯವನು



1968ರ ‘ಪಡೋಸನ್’ ಚಿತ್ರದಲ್ಲಿ ಮೆಹಮೂದರು ಆಡಿದ ಸಂಗೀತದ ಮೇಷ್ಟ್ರನ್ನು ನೋಡಿ ನಾವೂ ನಕ್ಕವರೇ. ಆದರೆ ಜುಟ್ಟು, ಪಂಚೆ, ಎಡವುವ ಹಿಂದಿ ಇವಿಷ್ಟೇ ದಕ್ಷಿಣವೆಂದು ಬಗೆದು, ಕನ್ನಡಿಗ, ತಮಿಳ, ತೆಲುಗ, ಮಲಯಾಳಿ ನಾಲ್ವರನ್ನೂ ‘ಮದ್ರಾಸಿ’ ಎಂದರೆ ನೋವಾಗುವುದು ಸಹಜ. ಜಾಹೀರಾತುಗಳಲ್ಲಿಯೂ ಎಷ್ಟೋ ವೇಳೆ ಮುಖ ಹಿಂದಿಯದು, ದನಿ ಮಾತ್ರ ಕನ್ನಡದ್ದು.

ನಾವು ವಾಸಿಸುವ ಈ ಉಲ್ಹಾಸನಗರವು, 1947ರ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಸಿಂಧಿಗಳು ಹಳೆಯ ಸೈನಿಕ ಶಿಬಿರದಲ್ಲಿ ನೆಲೆನಿಂತು ಬೆಳೆಸಿದ ಊರು. ಹಿಂದಿ ಚಿತ್ರಗಳು ಅವರನ್ನೂ ಜಿಪುಣ ವ್ಯಾಪಾರಿಯ ವೇಷದಲ್ಲಿ ನಿಲ್ಲಿಸಿ ನಗಿಸಿವೆ. ನಮ್ಮ ಕನ್ನಡ ಚಿತ್ರಗಳಲ್ಲಿ ಮುರುಕು ಕನ್ನಡದ ಸೇಠು ಬಂದಾಗ ನಾವು ಚಪ್ಪಾಳೆ ತಟ್ಟುವುದಿಲ್ಲವೇ?

ಬ್ಯಾಂಕಿನ ಪುಸ್ತಕದಲ್ಲಿ ಜಮೆ-ಖರ್ಚು ತಾಳೆಯಾಗಬೇಕು. ನಮಗೆ ಬೇಕೆನ್ನುವ ಮರ್ಯಾದೆಯನ್ನು ನೆರೆಯವನಿಗೂ ಸಲ್ಲಿಸಿದಾಗಲೇ ನಮ್ಮ ಲೆಕ್ಕ ಸರಿ.